ಕಂಸಾಳೆಗೂ ಜಾಗ, ಗಿಟಾರಿಗೂ ಜಾಗ

ಬೇರೆ ಬೇರೆಯಾಗಿ ಮುದ್ರಿಸಿಕೊಂಡ ದನಿಗಳನ್ನು ಒಂದು ಹಾಡಾಗಿ ಕೂಡಿಸುವ ಕೆಲಸಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಜನಪದ ಗೀತೆಗೆ ಡ್ರಮ್ಸ್, ಬೇಸ್, ಎಲೆಕ್ಟ್ರಿಕ್ ಗಿಟಾರ್ ಬೆಸೆದ ಹಾಡಿನಲ್ಲಿ ಇಂಥ ದನಿಗಳು 30–40 ಆದರೂ ಆಶ್ಚರ್ಯವಿಲ್ಲ. ಡ್ರಮ್ಸಿಗೇ ಎಂಟು–ಹತ್ತು ಮೈಕು ಬೇಕು, ಡೊಳ್ಳಿಗೆ ಎರಡು, ಮೇಳದವರ ದನಿಯನ್ನು ಎರಡು ಮೂರು ಸಲ ಹಾಡಿಸಿ ಪದರ ಪದರವಾಗಿ ಜೋಡಿಸುವುದೂ ಉಂಟು. ಹಿಂದೆ ಇದಕ್ಕೆಲ್ಲ ಕೋಣೆಯಗಲದ ಕನ್ಸೋಲ್ ಬೇಕಿತ್ತು. ಈಗ ಲ್ಯಾಪ್‌ಟಾಪಿನೊಳಗಿನ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಸಾಕು. ಕೆಲಸಗಾರರ ಬಾಯಲ್ಲಿ ಅದು ಬರೀ ‘ಡಾ’. ಪ್ರೋ ಟೂಲ್ಸ್, ಲಾಜಿಕ್, ಕ್ಯೂಬೇಸ್, ರೀಪರ್, ಹೆಸರು ಯಾವುದಾದರೂ ಒಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ: ಪರದೆಯ ಮೇಲೆ ಒಂದರ ಕೆಳಗೊಂದು ಪಟ್ಟಿಗಳು, ಪ್ರತಿ ಪಟ್ಟಿಗೂ ದನಿ ಏರಿಸಿ ಇಳಿಸುವ ಒಂದು ಫೇಡರ್.

ದೆಹಲಿಯಲ್ಲಿ ಜನಪದ ಬೆಸೆದ ಇಂಥ ಸಂಗೀತಕ್ಕೆ ದೊಡ್ಡ ಹೆಸರು ಇಂಡಿಯನ್ ಓಷನ್. 1990ರಲ್ಲಿ ಹುಟ್ಟಿದ ತಂಡ. ಅದರಲ್ಲಿ ಬೇಸ್ ಗಿಟಾರ್ ನುಡಿಸುತ್ತ ಹಾಡುವ ರಾಹುಲ್ ರಾಮ್ ಕನ್ನಡದ ಮನೆತನದವರು. ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನಿಯಾಗಿದ್ದ ಎಚ್.ವೈ. ಮೋಹನರಾಮ್ ಇವರ ತಂದೆ, ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ ಅಜ್ಜ, ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದ್ ದೊಡ್ಡಪ್ಪ. 2000ದಲ್ಲಿ ಬಂದ ತಂಡದ ‘ಕಂದೀಸಾ’ ಆಲ್ಬಮ್ಮಿನಲ್ಲಿ ನರ್ಮದಾ ಕಣಿವೆಯ ಜನರ ‘ಮಾ ರೇವಾ’ ಇತ್ತು. 2014ರ ‘ತಂದಾನು’ ಆಲ್ಬಮ್ಮಿಗೆ ಹೆಸರು ಕೊಟ್ಟದ್ದು ಒಂದು ಕನ್ನಡ ಜನಪದ ಗೀತೆ. ಬೆಂಗಳೂರಿನಲ್ಲಿ ಇದೇ ಹಾದಿಯಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ 2008ರ ತನ್ನ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳಿಗೆ ಗಿಟಾರ್ ಕಟ್ಟಿತು.

ಮಿಕ್ಸಿಂಗ್ ಎಂಬುದು ಏನನ್ನು ಬದಲಾಯಿಸಿತು ಎಂದು ತಿಳಿಯಲು ಇಂಡಿಯನ್ ಓಷನ್ನಿನದೇ ‘ಡೆಸರ್ಟ್ ರೇನ್’ ನೆನೆಯಬೇಕು. 1997ರ ಜನವರಿ 1ರಂದು ರಂಗಕರ್ಮಿ ಸಫ್ದರ್ ಹಾಶ್ಮಿ ನೆನಪಿನಲ್ಲಿ ಸಹಮತ್ ಸಂಸ್ಥೆ ದೆಹಲಿಯ ಮಂಡಿ ಹೌಸ್ ಬಳಿ ನಡೆಸಿದ ಕಾರ್ಯಕ್ರಮದಲ್ಲಿ, ಜನರೆದುರು ನುಡಿಸಿದ್ದನ್ನೇ ಮುದ್ರಿಸಿಕೊಂಡ ಆಲ್ಬಮ್ ಅದು. ವೇದಿಕೆಯ ಮೇಲೆ ತಬಲಾದ ಮೈಕಿಗೆ ಡ್ರಮ್ಸೂ ಕೇಳಿಸುತ್ತದೆ, ಹಾಡುಗಾರನ ಮೈಕಿಗೆ ಎಲ್ಲವೂ ಕೇಳಿಸುತ್ತದೆ. ಒಂದನ್ನು ಏರಿಸಿದರೆ ಉಳಿದವೂ ಜೊತೆಗೇ ಏರುತ್ತವೆ. ಸ್ಟುಡಿಯೋದಲ್ಲಿ ಒಂದೊಂದನ್ನೇ ಬೇರೆಯಾಗಿ ಮುದ್ರಿಸಿದಾಗ ಈ ಕಟ್ಟು ಬಿಚ್ಚಿಹೋಗುತ್ತದೆ. ಆಗ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಬಾಯಿ ಮುಚ್ಚಬೇಕು ಎಂದು ಗೊತ್ತುಮಾಡುವ ಹೊಣೆಯೂ ಮಿಕ್ಸ್ ಮಾಡುವವರ ತಲೆಗೇ ಬರುತ್ತದೆ.

ಮೊದಲ ಕೆಲಸ ಕಸ ಗುಡಿಸುವುದು. ಪಟ್ಟಿಗಳಿಗೆ ಹೆಸರು, ಬಣ್ಣ. ಹಾಡದ ಹೊತ್ತಿನ ಕೆಮ್ಮು, ಕುರ್ಚಿಯ ಕಿರುಗುಟ್ಟು ಕತ್ತರಿಸಿ ಹಾಕುವುದು. ದೆಹಲಿ, ನೋಯ್ಡಾ, ಗುರುಗ್ರಾಮಗಳ ಫ್ಲಾಟುಗಳಲ್ಲಿ ಮನೆಯ ಕೋಣೆಯೇ ಸ್ಟುಡಿಯೋ ಆದಾಗ ಕಸ ಇನ್ನೂ ಹೆಚ್ಚು. ಮೇ ತಿಂಗಳಲ್ಲಿ ಕೂಲರ್, ಫ್ಯಾನ್, ಎಸಿ ಎಲ್ಲ ಆರಿಸಿ ಹಾಡಿಸಬೇಕು. ಬೆವರೊರೆಸಿಕೊಂಡ ಟವೆಲಿನ ಸದ್ದೂ ಮೈಕಿಗೆ ಬೀಳುತ್ತದೆ. ಗಿಟಾರಿನ ತಂತಿಯೊಳಗೆ ಸೇರಿಕೊಳ್ಳುವ ಕರೆಂಟಿನ ಗುಂಯ್‌ಗುಟ್ಟು ನಮ್ಮಲ್ಲಿ 50 ಹರ್ಟ್ಜ್, ಅದರ ಮರಿಗಳು 100, 150ರಲ್ಲಿ. ಅಮೆರಿಕದ ಪಾಠಗಳಲ್ಲಿ 60 ಎಂದಿರುತ್ತದೆ. ಅದನ್ನು ನೋಡಿಕೊಂಡು ಇಲ್ಲಿ 60ರಲ್ಲಿ ಕತ್ತರಿ ಆಡಿಸುವವರಿಗೆ ಗುಂಯ್ ಹಾಗೇ ಉಳಿದು, ಬೇಸಿನ ಒಂದು ಚೂರು ಸುಮ್ಮನೆ ಕಳೆದುಹೋಗುತ್ತದೆ.

ಆಮೇಲೆ ಬರುವುದು ಕಾಲದ ತಕರಾರು, ಜನಪದ ಹಾಡಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಡಾ ತೆರೆದ ಕೂಡಲೇ ಪರದೆಯ ಮೇಲೆ ಸಮನಾದ ಗೆರೆಗಳು ಮೂಡುತ್ತವೆ, ಇವೇ ಗ್ರಿಡ್. ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಹೇಳಿಬಿಟ್ಟರೆ ಎಲ್ಲವೂ ಆ ಗೆರೆಗೆ ಅಂಟಿಕೊಳ್ಳಬೇಕೆಂದು ಅದರ ಆಸೆ. ಊರಿನ ಮೇಳ ಹಾಗೆ ಹಾಡುವುದಿಲ್ಲ. ನಿಮಿಷಕ್ಕೆ 96 ಪೆಟ್ಟಿನಲ್ಲಿ ಶುರುವಾದ ಹಾಡು ಮೇಳದವರು ಬಿಸಿಯೇರಿದಂತೆ 104ಕ್ಕೆ ಮುಟ್ಟಿರಬಹುದು. ಕುಣಿತದ ಹಾಡಿಗೆ ಆ ಏರಿಕೆಯೇ ಜೀವ. ಹಾಡನ್ನು ಗ್ರಿಡ್ಡಿಗೆ ಬಗ್ಗಿಸುವ ಬದಲು ಗ್ರಿಡ್ಡನ್ನೇ ಹಾಡಿಗೆ ಬಗ್ಗಿಸುವ ಸವಲತ್ತು ಎಲ್ಲ ಒಳ್ಳೆಯ ಡಾಗಳಲ್ಲೂ ಇದೆ; ಅದರ ಹೆಸರು ಟೆಂಪೋ ಮ್ಯಾಪ್. ಹಾಡಿನ ಒಂದೊಂದು ಆವರ್ತದ ಮೊದಲ ಪೆಟ್ಟಿಗೆ ಗುರುತು ಹಾಕುತ್ತ ಹೋದರೆ ಗೆರೆಗಳು ಒತ್ತೊತ್ತಾಗಿ, ದೂರದೂರವಾಗಿ ಹೊಂದಿಕೊಳ್ಳುತ್ತವೆ. ನಾಲ್ಕು ನಿಮಿಷದ ಹಾಡಿಗೆ ಅರ್ಧ ದಿನದ ಕೆಲಸ. ಬೇಸರ ಬಂದು ಒಂದೇ ಗುಂಡಿ ಒತ್ತಿ ಎಲ್ಲ ಪೆಟ್ಟನ್ನೂ ಗೆರೆಗೆ ಕೂರಿಸಿಬಿಡುವವರೇ ಹೆಚ್ಚು. ಮಾರುಕಟ್ಟೆಯಲ್ಲಿರುವ ಎಷ್ಟೋ ಬೆಸುಗೆ ಹಾಡುಗಳು ಮಿಲಿಟರಿ ಕವಾಯತಿನಂತೆ ಕೇಳಿಸುವುದಕ್ಕೆ ಆ ಗುಂಡಿಯೇ ಕಾರಣ.

ಶ್ರುತಿಯದೂ ಇದೇ ಪಾಡು. ಗಿಟಾರಿನ ಮೆಟ್ಟಿಲುಗಳು ಬಿಗಿದು ಕೂತವು. ತಂಬೂರಿ, ಚೌಡಿಕೆ ಹಿಡಿದವರು ತಮ್ಮ ಗಂಟಲಿಗೆ ತಕ್ಕ ಶ್ರುತಿ ಹಿಡಿಯುತ್ತಾರೆ, ಅದು ಎರಡು ಮೆಟ್ಟಿಲುಗಳ ನಡುವೆ ಎಲ್ಲಾದರೂ ಇರಬಹುದು. ಹಾಡುಗಾರರನ್ನು ಎಳೆದು ತರುವುದಕ್ಕಿಂತ ಗಿಟಾರಿನ ಕಿವಿ ಹಿಂಡುವುದು ಲೇಸು. ಚರ್ಮವಾದ್ಯಗಳಲ್ಲೂ ಭೇದವಿದೆ. ತಬಲಾ, ಮೃದಂಗಗಳ ಚರ್ಮದ ಮೇಲೆ ಹಚ್ಚಿದ ಕಪ್ಪು ಕರಣೆ ಅವುಗಳ ದನಿಗೆ ತಂತಿವಾದ್ಯದಂಥ ಸ್ವರ ಕೊಡುತ್ತದೆ ಎಂದು ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ಆದ್ದರಿಂದ ತಬಲಾ ಹಾಡಿನ ಶ್ರುತಿಗೆ ಸೇರದಿದ್ದರೆ ಕಿವಿಗೆ ಚುಚ್ಚುತ್ತದೆ. ತಮಟೆ, ಡೊಳ್ಳಿಗೆ ಕರಣೆಯಿಲ್ಲ. ಅವು ಯಾವ ಶ್ರುತಿಯ ಹಾಡಿನಲ್ಲೂ ನುಗ್ಗಿಕೊಂಡು ಬದುಕುತ್ತವೆ.

ಡೊಳ್ಳಿನ ಪಟ್ಟಿಗಳಲ್ಲಿ ಬೇರೊಂದು ಗುಟ್ಟು ಅಡಗಿದೆ. ಎರಡೂ ಮುಖಗಳಿಗೆ ಒಂದೊಂದು ಮೈಕು ಇಟ್ಟು ಮುದ್ರಿಸಿರುತ್ತಾರೆ. ಬಲ ಮುಖಕ್ಕೆ ಕೋಲು ಬಿದ್ದ ಗಳಿಗೆಯಲ್ಲಿ ಆ ಚರ್ಮ ಒಳಕ್ಕೆ ತಗ್ಗುತ್ತದೆ; ಒಳಗಿನ ಗಾಳಿ ಒತ್ತಿದ್ದರಿಂದ ಎಡ ಚರ್ಮ ಹೊರಕ್ಕೆ ಉಬ್ಬುತ್ತದೆ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಒಂದು ಪಟ್ಟಿಯ ಅಲೆ ಕೆಳಕ್ಕೆ ಹೊರಟಾಗ ಇನ್ನೊಂದರದು ಮೇಲಕ್ಕೆ ಹೊರಟಿರುವುದು ಕಾಣುತ್ತದೆ. ಎರಡನ್ನೂ ಕೂಡಿಸಿದರೆ ಒಂದನ್ನೊಂದು ತಿಂದು, ಆಳೆತ್ತರದ ಕುಣಿತದವನ ಡೊಳ್ಳು ಡಬ್ಬಿ ಬಡಿದಂತೆ ಕೇಳಿಸುತ್ತದೆ. ಒಂದು ಪಟ್ಟಿಯ ತಲೆಯಲ್ಲಿರುವ, ಅಡ್ಡಗೆರೆ ಹೊಡೆದ ಸೊನ್ನೆಯ ಗುಂಡಿ ಒತ್ತಿದರೆ ಆ ಅಲೆ ತಿರುವುಮುರುವಾಗಿ, ಎದೆಗೆ ತಾಗುವ ಡೊಳ್ಳು ಮರಳಿ ಬರುತ್ತದೆ. ಯಾವ ದುಬಾರಿ ಸಾಫ್ಟ್‌ವೇರೂ ಇದಕ್ಕೆ ಬೇಡ.

ಇಷ್ಟಾದ ಮೇಲೆ ತೂಕ. ಅನುಭವಿಗಳು ಯಾವ ಉಪಕರಣವನ್ನೂ ಮುಟ್ಟದೆ ಬರೀ ಫೇಡರುಗಳಿಂದ ಹಾಡನ್ನು ನಿಲ್ಲಿಸಿ ನೋಡುತ್ತಾರೆ. ಯಕ್ಷಗಾನದಲ್ಲಿ ಮುಮ್ಮೇಳ, ಹಿಮ್ಮೇಳ ಎಂಬ ಏರ್ಪಾಡು ಇದೆಯಲ್ಲ, ಇಲ್ಲೂ ಅದೇ ಲೆಕ್ಕ: ಮುಂದೆ ಯಾರು, ಹಿಂದೆ ಯಾರು ಎಂಬುದು ಮೊದಲು ತೀರ್ಮಾನವಾಗಬೇಕು. ಪ್ರತಿ ಪಟ್ಟಿಯ ಸರಾಸರಿ ಮಟ್ಟವನ್ನು ಡಿಜಿಟಲ್ ಗರಿಷ್ಠಕ್ಕಿಂತ ಸುಮಾರು 18 ಡೆಸಿಬೆಲ್ ಕೆಳಗಿಟ್ಟರೆ ಎಲ್ಲ ಸೇರಿದಾಗಲೂ ತಲೆಯ ಮೇಲೆ ಜಾಗ ಉಳಿಯುತ್ತದೆ.

ಜಾಗದ ನಿಜವಾದ ಜಗಳ ನಡೆಯುವುದು ಆವರ್ತಾಂಕಗಳಲ್ಲಿ. ಅದನ್ನು ಬಿಡಿಸುವ ಉಪಕರಣ ಈಕ್ವಲೈಜರ್. ಇಂಡಿಯನ್ ಓಷನ್ ತಂಡದಲ್ಲಿ ಬಹುಕಾಲ ಅಶೀಮ್ ಚಕ್ರವರ್ತಿಯವರ ತಬಲಾ, ಅಮಿತ್ ಕಿಲಾಮ್ ಅವರ ಡ್ರಮ್ಸ್, ರಾಹುಲ್ ರಾಮ್ ಅವರ ಬೇಸ್ ಮೂರೂ ಒಟ್ಟಿಗಿದ್ದವು. ಅಂಥ ಕೂಟದ ತಳದಲ್ಲಿ ನೂಕುನುಗ್ಗಲು ತಪ್ಪಿದ್ದಲ್ಲ. ಬೇಸಿನ ಅತಿ ದಪ್ಪ ತಂತಿ 41 ಹರ್ಟ್ಜ್. ಕಾಲಿನಿಂದ ಬಡಿಯುವ ಕಿಕ್ ಡ್ರಮ್ಮಿನ ಗುದ್ದು ಅದರ ಸ್ವಲ್ಪ ಮೇಲೆ. ತಬಲಾದ ಜೋಡಿಯಾದ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದ ಗುಂಕಾರ ಇವೆರಡರ ನೆತ್ತಿ ಸವರಿಕೊಂಡು ಏರುತ್ತದೆ. ಮೂರಕ್ಕೂ ತಳ ಕೊಟ್ಟರೆ ಕೆಸರು. ಒಂದಕ್ಕೆ ತಳ ಬಿಟ್ಟುಕೊಟ್ಟು, ಇನ್ನೊಂದನ್ನು 80ರ ಸುತ್ತ ಕೂರಿಸಿ, ಡಗ್ಗಾದ ಅಡಿಯನ್ನು ತುಸು ಕತ್ತರಿಸುವುದು ಒಂದು ದಾರಿ. ಕಿಕ್ ಬಿದ್ದ ಕ್ಷಣಕ್ಕಷ್ಟೇ ಬೇಸ್ ತಲೆ ತಗ್ಗಿಸುವಂತೆ ಸೈಡ್‌ಚೈನ್ ಕಟ್ಟುವುದು ಇನ್ನೊಂದು.

ನಡುಮನೆಯ ಜಗಳ ಇನ್ನೂ ಜೋರು. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2ರಿಂದ 5 ಸಾವಿರ ಹರ್ಟ್ಜ್ ನಡುವೆ. ಪದಗಳ ಸ್ಪಷ್ಟತೆ ಇರುವುದೂ ಅಲ್ಲೇ, ಕರ್ಕಶಗೊಳಿಸಿದ ಎಲೆಕ್ಟ್ರಿಕ್ ಗಿಟಾರ್ ಹರಡಿಕೊಂಡು ಕೂರುವುದೂ ಅಲ್ಲೇ. ಹಾಡಿನ ಪದ ಕೇಳಿಸುತ್ತಿಲ್ಲವೆಂದು ದನಿ ಏರಿಸಿದರೆ ಗಿಟಾರ್ ಮಂಕಾಗುತ್ತದೆ, ಗಿಟಾರ್ ಏರಿಸಿದರೆ ಮತ್ತೆ ಪದ ಮುಳುಗುತ್ತದೆ. ಏರಿಸಿ ಏರಿಸಿ ಕೊನೆಗೆ ಎರಡೂ ಕಿರುಚುತ್ತವೆ. ಬಲ್ಲವರು ಏರಿಸುವುದಿಲ್ಲ, ಕಡಿಯುತ್ತಾರೆ. ಗಿಟಾರಿನಲ್ಲಿ 3 ಸಾವಿರದ ಸುತ್ತ 3 ಡೆಸಿಬೆಲ್ ಕಡಿದರೆ ಹಾಡುಗಾರ್ತಿಗೆ ಒಂದು ಕಿಟಕಿ ತೆರೆಯುತ್ತದೆ. ಗಿಟಾರನ್ನು ಒಂಟಿಯಾಗಿ ಕೇಳಿದರೆ ಈಗ ಅದು ತುಸು ಪೆಚ್ಚು. ಒಂಟಿಯಾಗಿ ಯಾರೂ ಕೇಳುವುದಿಲ್ಲ.

ಕಂಸಾಳೆಯದು ಮೇಲುಮಹಡಿ. ಮಲೆ ಮಹದೇಶ್ವರನ ಗುಡ್ಡರ ಕೈಯ ಆ ಕಂಚಿನ ಜೋಡಿ ಡ್ರಮ್ಸಿನ ಸಿಂಬಲ್‌ಗಳ ಎತ್ತರದಲ್ಲೇ ಮಿನುಗುತ್ತದೆ. ಇಲ್ಲಿ ಈಕ್ವಲೈಜರಿಗಿಂತ ಕೆಲಸಕ್ಕೆ ಬರುವುದು ಪ್ಯಾನ್, ಅಂದರೆ ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವುದು. ಡ್ರಮ್ಸಿನ ಜೋಡಿ ಸಿಂಬಲ್ ಆದ ಹೈಹ್ಯಾಟ್ ಬಲಕ್ಕಿದ್ದರೆ ಕಂಸಾಳೆ ಎಡಕ್ಕೆ. ಅದೂ ಸಾಲದಿದ್ದರೆ ಕಂಸಾಳೆ ಬರುವ ಕಡೆ ಡ್ರಮ್ಸ್ ನುಡಿಸುವವರ ಸಿಂಬಲ್ ಪೆಟ್ಟುಗಳನ್ನೇ ಅಳಿಸಬೇಕು. ಡ್ರಮ್ಸಿನವರು ಮುನಿಸಿಕೊಳ್ಳುತ್ತಾರೆ, ಹಾಡು ಗೆಲ್ಲುತ್ತದೆ.

ಕಂಪ್ರೆಸರ್ ದನಿಯ ಏರಿಳಿತವನ್ನು ಹಿಡಿದು ನಿಲ್ಲಿಸುತ್ತದೆ. 3ಕ್ಕೆ 1ರ ಅನುಪಾತವಿಟ್ಟರೆ ಗೊತ್ತುಪಡಿಸಿದ ಮಿತಿಯನ್ನು 6 ಡೆಸಿಬೆಲ್ ದಾಟಿದ ದನಿಗೆ 2 ಡೆಸಿಬೆಲ್ ಮಾತ್ರ ದಾಟಲು ಬಿಡುತ್ತದೆ. ಬಯಲಿನಲ್ಲಿ ಮೈಕಿಲ್ಲದೆ ಹಾಡಿ ಅಭ್ಯಾಸವಾದವರು ಸೊಲ್ಲಿನ ಮೊದಲಕ್ಷರಕ್ಕೆ ಗಂಟಲು ತೆರೆದು, ಕೊನೆಯಲ್ಲಿ ಪಿಸುದನಿಗೆ ಇಳಿಯುತ್ತಾರೆ. ಆ ಕೊನೆ ಗಿಟಾರಿನಡಿ ಸಿಕ್ಕಿಹೋಗದಿರಲು ಕಂಪ್ರೆಸರ್ ಬೇಕು. ತಮಟೆಗೆ ಹಾಕುವಾಗ ಎಚ್ಚರ ಬೇಕು. ಕಂಪ್ರೆಸರ್ ತಕ್ಷಣ ಎರಗಿದರೆ ಕಡ್ಡಿಯ ‘ಟಕ್’ ಸತ್ತು ಚರ್ಮದ ಗದ್ದಲ ಮಾತ್ರ ಉಳಿಯುತ್ತದೆ. 20–30 ಮಿಲಿಸೆಕೆಂಡ್ ತಡೆದು ಎರಗುವಂತೆ ಇಟ್ಟರೆ ಪೆಟ್ಟಿನ ತಲೆ ಪಾರಾಗುತ್ತದೆ.

ಇನ್ನು ಮಾರ್ದನಿ. ಒಣ ಕೋಣೆಯಲ್ಲಿ ಮುದ್ರಿಸಿದ ದನಿಗೆ ಜಾಗದ ಭ್ರಮೆ ಕೊಡುವುದು ರಿವರ್ಬ್. ಡ್ರಮ್ಸಿಗೆ ಒಂದು ಸಭಾಂಗಣ, ಮೇಳಕ್ಕೆ ಒಂದು ಗುಡಿಯ ಪ್ರಾಂಗಣ ಹಾಕಿದರೆ ಎರಡು ಊರಿನ ಹಾಡು ಒಟ್ಟಿಗೆ ಹಚ್ಚಿದಂತಾಗುತ್ತದೆ. ಎಲ್ಲರನ್ನೂ ಒಂದೇ ರಿವರ್ಬಿಗೆ ಹೆಚ್ಚುಕಡಿಮೆ ಪ್ರಮಾಣದಲ್ಲಿ ಕಳಿಸಿದಾಗ ಒಂದೇ ಜಗಲಿಯ ಮೇಲೆ ಕೂತವರಂತೆ ಕೇಳಿಸುತ್ತಾರೆ. ಮುಂದೆ ನಿಂತು ಹಾಡುವವರ ರಿವರ್ಬ್ 30–40 ಮಿಲಿಸೆಕೆಂಡ್ ತಡವಾಗಿ ಶುರುವಾದರೆ ಪದ ಮೊದಲು ಕಿವಿಗೆ ತಲುಪಿ, ಗುಡಿ ಆಮೇಲೆ ಮೊಳಗುತ್ತದೆ.

ಕೊನೆಯ ಸುತ್ತು ಆಟೊಮೇಷನ್: ಹಾಡು ಸಾಗುತ್ತಿದ್ದಂತೆ ಫೇಡರುಗಳು ತಾವೇ ಚಲಿಸುವಂತೆ ಗೆರೆ ಎಳೆದಿಡುವುದು. ಮುಂದೆ ನಿಂತು ಹಾಡುವವರ ಸೊಲ್ಲಿಗೆ ಮೇಳ ಮರುದನಿ ಕೊಡುವ ಹಾಡಿನಲ್ಲಿ ಈ ಗೆರೆಗಳು ಉಯ್ಯಾಲೆಯಂತಿರುತ್ತವೆ. ಮೇಳ ಏರುವಾಗ ಗಿಟಾರ್ 1 ಡೆಸಿಬೆಲ್ ಇಳಿಯಿತೆಂದು ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಮೇಳ ಹತ್ತಿರ ಬಂದಿತು ಎನಿಸುತ್ತದೆ, ಅಷ್ಟೆ.

ಮಿಕ್ಸ್ ಮುಗಿಯಿತೆನಿಸಿದಾಗ ಸ್ಟುಡಿಯೋ ಸ್ಪೀಕರಿನಿಂದ ಎದ್ದು ಬರಬೇಕು. ಕಾರಿನಲ್ಲಿ, ಮೆಟ್ರೋದ ಸದ್ದಿನ ನಡುವೆ ಇಯರ್‌ಫೋನಿನಲ್ಲಿ, ಮುಖ್ಯವಾಗಿ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಕು. ಫೋನು 200 ಹರ್ಟ್ಜಿನ ಕೆಳಗಿನದನ್ನು ಹೆಚ್ಚೇನೂ ಹೊರಡಿಸಲಾರದು. ಅಷ್ಟು ಬೆವರು ಹರಿಸಿ ಕೂರಿಸಿದ ಡೊಳ್ಳು ಅಲ್ಲಿ ಮಾಯ. ಡೊಳ್ಳಿಗೂ ಬೇಸಿಗೂ ಚಿಟಿಕೆ ಸ್ಯಾಚುರೇಷನ್, ಅಂದರೆ ಹದವಾದ ಒಡಕು, ಬೆರೆಸಿದರೆ ಮೇಲಿನ ಉಪಸ್ವರಗಳು ಹುಟ್ಟುತ್ತವೆ; ಅವು ಕೇಳಿದಾಗ ಇಲ್ಲದ ತಳವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಜೋರು ಮಾಡುವ ಪೈಪೋಟಿಗೆ ಈಗ ಅರ್ಥವಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಸುಮಾರು -14 ಲಫ್ಸ್ ಎಂಬ ಒಂದೇ ಅಳತೆಗೆ ತರುತ್ತದೆ. ಹಿಂಡಿ ಹಿಂಡಿ ಜೋರು ಮಾಡಿದ ಹಾಡು ಅಲ್ಲಿ ಇಳಿಕೆ ಕಂಡು, ಸೊರಗಿ ಕೇಳಿಸುತ್ತದೆ.

ಬಿಡುಗಡೆಗೆ ಮುಂಚಿನ ಕೊನೆಯ ಹದವಾದ ಮಾಸ್ಟರಿಂಗಿಗೆ ಕಳಿಸುವ ಕಡತ 24 ಬಿಟ್ಟಿನ ವೇವ್ ಆಗಿರಬೇಕು, ಗಾಯನವಿಲ್ಲದ ಇನ್ನೊಂದು ಪ್ರತಿಯೂ ಜೊತೆಗಿದ್ದರೆ ವೇದಿಕೆಗೆ, ಸಿನಿಮಾಕ್ಕೆ ಅನುಕೂಲ. ಬಿಡುಗಡೆಗೆ ಸಿದ್ಧಮಾಡುವಾಗ ಕಡತದ ಜೊತೆ ಹೋಗುವ ಮಾಹಿತಿಯಲ್ಲಿ ಹಾಡಿದವರು, ನುಡಿಸಿದವರು, ರಚಿಸಿದವರು ಎಂಬ ಮನೆಗಳಿರುತ್ತವೆ. ರಚಿಸಿದವರ ಜಾಗದಲ್ಲಿ ಸಾಮಾನ್ಯವಾಗಿ ‘ಜನಪದ’ ಎಂದು ಬರೆಯುತ್ತಾರೆ. ಹಾಡನ್ನು ಹೇಳಿಕೊಟ್ಟ ಮೇಳದ ಹೆಸರನ್ನೂ ಅವರ ಊರನ್ನೂ ತುಂಬಬೇಕಾದದ್ದು ಆಗಲೇ. ಬಿಡುಗಡೆಯಾದ ಮೇಲೆ ಅದನ್ನು ತಿದ್ದಿಸಲು ಹತ್ತಾರು ಮೇಲ್ ಬರೆಯಬೇಕಾಗುತ್ತದೆ.