ಅಯ್ಯನವರು ಎಣಿಸದ ಹಣ

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಣಿಕೆ ಚೀಲಗಳನ್ನು ಮೇಜಿನ ಮೇಲೆ ಸುರಿಯುತ್ತೇವೆ. ಹತ್ತರ ನೋಟು ಒಂದು ಕಡೆ, ಐವತ್ತರದು ಇನ್ನೊಂದು ಕಡೆ. ಮಕ್ಕಳು ಬೆವರುಗೈಯಲ್ಲಿ ಹಿಡಿದು ತಂದ ನಾಣ್ಯಗಳ ಗುಡ್ಡೆ ಬೇರೆ. ಇಬ್ಬರು ಎಣಿಸುತ್ತಾರೆ, ಖಜಾಂಚಿಯಾದ ನಾನು ಪುಸ್ತಕಕ್ಕೆ ಏರಿಸುತ್ತೇನೆ, ಮೂವರೂ ಸಹಿ ಹಾಕುತ್ತೇವೆ. ಸಭಾಪಾಲಕರು, ಅಂದರೆ ನಮ್ಮ ಬಾಯಲ್ಲಿ ಅಯ್ಯನವರು, ಆ ಕೋಣೆಗೆ ಬರುವುದೇ ಇಲ್ಲ.

ಹೊಸದರಲ್ಲಿ ಒಮ್ಮೆ ಕೇಳಿದ್ದೆ: “ಅಯ್ಯನವರೇ, ನೀವೂ ಒಂದ್ಸಲ ನೋಡಬಾರದಾ?”

“ಬೇಡಪ್ಪಾ, ಅದು ನನ್ನ ಕೈಗೆ ಸೋಕದೇ ಇರೋದೇ ನನಗೆ ಕ್ಷೇಮ” ಅಂದರು.

ಸಂಕೋಚದ ಮಾತು ಅಂದುಕೊಂಡೆ. ಅದು ಸುಮಾರು ಎರಡು ಸಾವಿರ ವರ್ಷದ ಎಚ್ಚರ ಎಂದು ಆಮೇಲೆ ತಿಳಿಯಿತು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅಪೊಸ್ತಲ ಪೌಲನು ಹಣ ಕೂಡಿಸಿದಾಗ, ಆ ಕೆಲಸಕ್ಕೆ ತನ್ನ ಸಂಗಡಿಗ ತೀತನನ್ನು ಒಬ್ಬನನ್ನೇ ಕಳಿಸಲಿಲ್ಲ. ಸಭೆಗಳೇ ಆರಿಸಿದ ಮತ್ತೊಬ್ಬನನ್ನು ಜೊತೆಗೂಡಿಸಿದ. ದೇವರಿಗೆ ಸರಿ ಕಂಡರೆ ಸಾಲದು, ಜನರ ಕಣ್ಣಿಗೂ ಸರಿಯಾಗಿರಬೇಕು ಎಂಬ ಕಾರಣವನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲೇ ಹೇಳಿದ್ದಾನೆ.

ನಮ್ಮ ಕಾಲಕ್ಕೆ ಈ ಎಚ್ಚರವನ್ನು ನಿಯಮವಾಗಿ ಮಾಡಿಕೊಂಡವರಲ್ಲಿ ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಹೆಸರುವಾಸಿ. 1948ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನಲ್ಲಿ ಅವರು ತಮ್ಮ ಸಂಗಡಿಗರನ್ನು ಕೂರಿಸಿಕೊಂಡು, ‘ಒಂದು ಗಂಟೆ ನಿಮ್ಮ ನಿಮ್ಮ ಕೋಣೆಗೆ ಹೋಗಿ, ಸುವಾರ್ತಿಕರು ಎಲ್ಲೆಲ್ಲಿ ಜಾರಿಬೀಳುತ್ತಾರೆ ಎಂದು ಬರೆದು ತನ್ನಿ’ ಎಂಬರ್ಥದ ಕೆಲಸ ಕೊಟ್ಟರು. ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು: ಹಣ, ಹೆಣ್ಣಿನ ವಿಷಯ, ಊರಿನ ಸಭಾಪಾಲಕರನ್ನು ಹಳಿಯುವುದು, ಸೇರಿದ ಜನರ ಲೆಕ್ಕ ಉಬ್ಬಿಸುವುದು. ನಾಲ್ಕಕ್ಕೂ ಕಟ್ಟು ಹಾಕಿಕೊಂಡರು. ಹೆಂಡತಿಯಲ್ಲದ ಹೆಂಗಸಿನ ಜೊತೆ ಒಂಟಿಯಾಗಿ ಊಟವಿಲ್ಲ, ಪ್ರಯಾಣವಿಲ್ಲ. ಈ ಕಟ್ಟು ಸಹೋದ್ಯೋಗಿ ಹೆಂಗಸರನ್ನು ಕೆಲಸದ ಮಾತುಕತೆಯಿಂದಲೇ ಹೊರಗಿಡುತ್ತದೆ ಎಂಬ ಈಚಿನ ಆಕ್ಷೇಪ ನ್ಯಾಯವಾದದ್ದೇ.

ಬರೆದುಕೊಂಡ ಮಾತ್ರಕ್ಕೆ ಹಣದ ವಿಷಯ ಬಗೆಹರಿಯಲಿಲ್ಲ. 1950ರಲ್ಲಿ ಅಟ್ಲಾಂಟಾ ನಗರದಲ್ಲಿ ಅವರ ಸುವಾರ್ತಾ ಕೂಟಗಳು ಮುಗಿದಾಗ ಅಲ್ಲಿನ ಪತ್ರಿಕೆಯೊಂದು ಎರಡು ಚಿತ್ರ ಹಾಕಿತು: ಒಂದರಲ್ಲಿ ನಗುತ್ತಾ ಕೈಬೀಸುವ ಗ್ರಹಾಂ, ಇನ್ನೊಂದರಲ್ಲಿ ಕಾಣಿಕೆಯ ಚೀಲಗಳು. ಗ್ರಹಾಂ ಕದ್ದಿರಲಿಲ್ಲ. ಆದರೂ ನೋಡಿದವರ ಮನಸ್ಸಿನಲ್ಲಿ ಎರಡೂ ಚಿತ್ರ ಕೂಡಿಕೊಂಡವು. ಮುಂದೆ ಅವರು ಕಾಣಿಕೆಯ ಪಾಲು ಬಿಟ್ಟು, ತಮ್ಮ ಸಂಸ್ಥೆ ನಿಗದಿ ಮಾಡಿದ ಸಂಬಳಕ್ಕೆ ಒಪ್ಪಿಕೊಂಡರು.

ಹಾಗಾದರೆ ಅವರು ಜಾರಲೇ ಇಲ್ಲವೇ? ಜಾರಿದರು, ಪಟ್ಟಿಯಲ್ಲಿಲ್ಲದ ಕಡೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಜೊತೆ ಕೂತು, ಮಾಧ್ಯಮಗಳ ಮೇಲೆ ಯಹೂದಿಗಳ ಹಿಡಿತವಿದೆ ಎಂದು ಹಳಿಯುವ ಮಾತಾಡಿದರು. ಶ್ವೇತಭವನದ ಟೇಪು ಸುತ್ತುತ್ತಿತ್ತು. 2002ರಲ್ಲಿ ಅದು ಬಹಿರಂಗವಾದಾಗ ಮುದಿ ಗ್ರಹಾಂ ಕ್ಷಮೆ ಕೇಳಿದರು. ಹಣಕ್ಕೆ, ದೇಹಕ್ಕೆ ಕಾವಲಿತ್ತು. ಅಧಿಕಾರದ ಪಕ್ಕ ಕೂರುವ ಸುಖಕ್ಕೆ ಇರಲಿಲ್ಲ.

ಬೋಧಕರಿಗೆ ಹೆಚ್ಚಿನ ತೀರ್ಪು ಕಾದಿದೆ ಎನ್ನುತ್ತದೆ ಯಾಕೋಬನ ಪತ್ರ. ಕುರಿ ಮೇಯಿಸದೆ ತಾವೇ ಮೇಯ್ದ ಕುರುಬರನ್ನು ಪ್ರವಾದಿ ಯೆಹೆಜ್ಕೇಲನು ಬೈಯುತ್ತಾನೆ. ನಾವು ಮಾತ್ರ ಒಳ್ಳೆಯ ಗುರು ಸಿಕ್ಕರೆ ಸಾಕು, ಕಾವಲು ಬೇಡ ಎಂದುಕೊಳ್ಳುತ್ತೇವೆ. ಒಳ್ಳೆಯವರಿಗೇ ಕಾವಲು ಹೆಚ್ಚು ಬೇಕು. ಅವರನ್ನು ಪ್ರಶ್ನಿಸಲು ಯಾರಿಗೂ ಬಾಯಿ ಬರುವುದಿಲ್ಲ.

ಡಿಸೆಂಬರ್ ಬಂತೆಂದರೆ ನಮ್ಮೂರಿನ ಪುಢಾರಿಗಳು ಕೇಕು, ಶಾಲು ಹಿಡಿದು ಚರ್ಚಿಗೆ ಬರುತ್ತಾರೆ. ಅಯ್ಯನವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ತೆಗೆಸುತ್ತಾರೆ. ಕಾಣಿಕೆ ಮುಟ್ಟದ ಆ ಕೈಗಳು ಶಾಲನ್ನು ಸರಿಮಾಡಿಕೊಳ್ಳುತ್ತವೆ. ಅದನ್ನು ಏರಿಸಲು ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.