ಹಳೆಯ ಫೋಟೋ ಕೆಲಸಕ್ಕೆ ಗಿರಾಕಿ ಎಲ್ಲಿ?

1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಹಂಪಿಯ ಚಿತ್ರಗಳು ಇಂದಿಗೂ ಉಳಿದಿವೆ. ತೋಟದ ಮನೆಯಲ್ಲಿದ್ದ ನಮ್ಮ ಅಜ್ಜನ ಮದುವೆ ಫೋಟೋ ಮಾತ್ರ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಹಾಳಾಯಿತು. ಆ ನೋವಿನಿಂದಲೇ ಹೊಸಪೇಟೆಯ ನೆಂಟರೊಡನೆ ಸೇರಿ, ಹಳೆಯ ಫೋಟೋ ಉಳಿಸಿ ಆಲ್ಬಂ ಕಟ್ಟಿಕೊಡುವ ಕೆಲಸಕ್ಕೆ ಇಳಿದೆವು.

ಸಂಡೂರಿನಲ್ಲಿ ಕರಪತ್ರ ಹಂಚಿದೆವು; ಒಬ್ಬರೂ ಬರಲಿಲ್ಲ. ಕಂಪ್ಲಿಯ ಹಿರಿಯಮ್ಮ ಒಬ್ಬರು ಕಾರಣ ತಿಳಿಸಿದರು: "ಇರೋದೊಂದೇ ಫೋಟೋ, ನಿಮ್ ಕೈಗೆ ಹೆಂಗ ಕೊಡ್ಲಿ ತಮ್ಮಾ?"

ಅಂದಿನಿಂದ ಸ್ಕ್ಯಾನರನ್ನೇ ಮನೆಬಾಗಿಲಿಗೆ ಒಯ್ದು, ಅವರ ಕಣ್ಣೆದುರೇ ಪ್ರತಿ ತೆಗೆಯುತ್ತೇವೆ. ಗಾಜಿಗೆ ಅಂಟಿದ ಫೋಟೋವನ್ನು ಕೀಳುವುದಿಲ್ಲ. ಕಿತ್ತರೆ ಮುಖವೇ ಗಾಜಿಗೆ ಹೋದೀತು. ಗಾಜಿನ ಮೇಲಿಂದಲೇ ಪ್ರತಿ ತೆಗೆಯುತ್ತೇವೆ.

ತುಂಗಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮನೆತನಗಳೇ ಈಗ ನಮ್ಮ ಮುಖ್ಯ ಗಿರಾಕಿಗಳು. ಒಂದು ಮನೆಯ ಕೆಲಸ ಮುಗಿಯುವಷ್ಟರಲ್ಲಿ ಅವರೇ ನೆಂಟರ ವಿಳಾಸ ಬರೆಸುತ್ತಾರೆ.