ಮೇಡಂ ವಾಕರ್ ಮತ್ತು ಅವರ ಸುತ್ತ ಬೆಳೆದ ಕಥೆಗಳು

ಬಿಸಿ ಬಾಚಣಿಗೆಯನ್ನು ಕಂಡುಹಿಡಿದವರು ಅಮೆರಿಕದ ಕಪ್ಪು ಉದ್ಯಮಿ ಮೇಡಂ ಸಿ. ಜೆ. ವಾಕರ್ ಎಂಬ ಮಾತು ಎಷ್ಟೋ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಇದೆ. ಇದು ನಿಜವಲ್ಲ. ಬಿಸಿ ಮಾಡಿದ ಲೋಹದಿಂದ ಕೂದಲನ್ನು ತಿದ್ದುವ ವಿಧಾನ 1870ರ ದಶಕದಲ್ಲೇ ಫ್ರಾನ್ಸಿನಲ್ಲಿ ಬಳಕೆಯಲ್ಲಿತ್ತು. ವಾಕರ್ ವ್ಯಾಪಾರ ಆರಂಭಿಸುವ ಮೊದಲೇ ಅಮೆರಿಕದ ದೊಡ್ಡ ಅಂಗಡಿಗಳು ಇಂಥ ಬಾಚಣಿಗೆಗಳನ್ನು ಮಾರುತ್ತಿದ್ದವು. ವಾಕರ್ ಅದನ್ನು ಬಳಸಿದರು, ಬಳಸುವುದನ್ನು ಕಲಿಸಿದರು, ಅಷ್ಟೆ. ಕೂದಲು ನೆಟ್ಟಗೆ ಮಾಡುವವರು ಎಂದು ತಮ್ಮನ್ನು ಕರೆಯುವುದು ಅವರಿಗೇ ಹಿಡಿಸುತ್ತಿರಲಿಲ್ಲ. ನೆತ್ತಿಯ ರೋಗ ವಾಸಿಮಾಡಿ ಕೂದಲು ಬೆಳೆಸುವುದು ತಮ್ಮ ಕೆಲಸ ಎಂದು ಅವರು ಹೇಳುತ್ತಿದ್ದರು.

ಆ ಕೆಲಸಕ್ಕೆ ಕಾರಣವಿತ್ತು. ಮನೆಯಲ್ಲಿ ನಲ್ಲಿ ನೀರಿಲ್ಲದ ಕಾಲ. ತಲೆಸ್ನಾನ ಅಪರೂಪ, ಸಾಬೂನು ಕಟುವಾದದ್ದು. ತಲೆಹೊಟ್ಟು, ನೆತ್ತಿಯ ಹುಣ್ಣುಗಳಿಂದ ಬಡ ಹೆಂಗಸರ ಕೂದಲು ಉದುರಿಹೋಗುತ್ತಿತ್ತು. ವಾಕರ್ ಅವರಿಗೂ ಹಾಗೇ ಆಗಿತ್ತು. ತಾವು ಮಾರುತ್ತಿದ್ದ ಕೂದಲ ಮುಲಾಮಿನ ಗುಟ್ಟು ತಮಗೆ ಕನಸಿನಲ್ಲಿ ತಿಳಿಯಿತು, ಅದರ ಕೆಲವು ವಸ್ತುಗಳು ಆಫ್ರಿಕಾದಿಂದ ಬಂದವು ಎಂದು ಅವರು ಹೇಳಿಕೊಂಡಿದ್ದುಂಟು. ಅದರಲ್ಲಿದ್ದ ಮುಖ್ಯ ವಸ್ತುಗಳು ಗಂಧಕ ಮತ್ತು ಪೆಟ್ರೋಲಿಯಂ ಜೆಲ್ಲಿ. ಎರಡೂ ಔಷಧದ ಅಂಗಡಿಯಲ್ಲಿ ಸಿಗುವಂಥವು, ಗಂಧಕವಂತೂ ಚರ್ಮರೋಗಕ್ಕೆ ಬಹಳ ಹಿಂದಿನಿಂದ ಬಳಕೆಯಲ್ಲಿದ್ದ ಮದ್ದು.

ಕನಸಿನ ಕಥೆಯ ಹಿಂದೆ ಇನ್ನೊಬ್ಬ ಹೆಣ್ಣುಮಗಳ ಹೆಸರು ಮರೆಯಾಗಿದೆ. ಸೇಂಟ್ ಲೂಯಿಸ್ ನಗರದಲ್ಲಿ ವಾಕರ್ ಮೊದಲು ಮಾರಿದ್ದು ತಮ್ಮ ಸರಕನ್ನಲ್ಲ, ಆನಿ ಟರ್ನ್‌ಬೋ ಅವರದನ್ನು. ಮುಂದೆ ಆನಿ ಮಲೋನ್ ಎಂದು ಹೆಸರಾದ ಇವರು 'ಪೋರೋ' ಎಂಬ ಗುರುತಿನಲ್ಲಿ ಕೂದಲ ಮುಲಾಮು ತಯಾರಿಸಿ, ಹೆಂಗಸರಿಗೆ ತರಬೇತಿ ಕೊಟ್ಟು, ಅವರ ಮೂಲಕವೇ ಮನೆಮನೆಗೆ ಮಾರಿಸುತ್ತಿದ್ದರು. ಈ ವ್ಯಾಪಾರದ ಪಾಠವನ್ನು ವಾಕರ್ ಕಲಿತದ್ದು ಅಲ್ಲಿ. 1905ರಲ್ಲಿ ಡೆನ್ವರ್‌ಗೆ ಹೋಗಿ, 1906ರಲ್ಲಿ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ಮದುವೆಯಾಗಿ, ಗಂಡನ ಹೆಸರಿನಲ್ಲೇ ಸ್ವಂತ ಡಬ್ಬಿಯನ್ನು ಮಾರುಕಟ್ಟೆಗೆ ತಂದರು. ವಾಕರ್ ಮತ್ತು ಮಲೋನ್ ನಡುವೆ ಪೈಪೋಟಿ, ಮನಸ್ತಾಪ ಎಲ್ಲ ಇತ್ತು. ಆದರೆ 2020ರ ನೆಟ್‌ಫ್ಲಿಕ್ಸ್ ಸರಣಿ 'ಸೆಲ್ಫ್ ಮೇಡ್' ಮಲೋನ್ ಅವರನ್ನು ಹೋಲುವ ಪಾತ್ರವೊಂದನ್ನು ಸೃಷ್ಟಿಸಿ, ಅದಕ್ಕೆ ಬೇರೆ ಹೆಸರಿಟ್ಟು, ಖಳನಾಯಕಿಯ ಸ್ಥಾನದಲ್ಲಿ ನಿಲ್ಲಿಸಿತು. ಇದು ದೊಡ್ಡ ಅನ್ಯಾಯ ಎಂದು ನಾನು ಭಾವಿಸುತ್ತೇನೆ. 1919ರಿಂದ 1943ರವರೆಗೆ ಸೇಂಟ್ ಲೂಯಿಸ್‌ನ ಕಪ್ಪು ಮಕ್ಕಳ ಅನಾಥಾಲಯದ ಮಂಡಳಿಯ ಅಧ್ಯಕ್ಷೆಯಾಗಿದ್ದವರು ಇದೇ ಮಲೋನ್. ಆ ಸಂಸ್ಥೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಇಂದಿನ ಓದುಗರಿಗೆ ಇನ್ನೊಂದು ಅನುಮಾನ ಬರಬಹುದು: ವಾಕರ್ ಅವರಿಗೆ ಸಾವಿರಾರು ಏಜೆಂಟರಿದ್ದರು ಅಂದಮೇಲೆ ಇದೂ ಚೈನ್ ಸ್ಕೀಮೇ ಇರಬೇಕು. ನಮ್ಮೂರುಗಳಲ್ಲಿ ಸದಸ್ಯರನ್ನು ಸೇರಿಸಿದರೆ ಹಣ ಎಂದು ನಂಬಿಸಿ ಮುಳುಗಿಸಿದವರು ಎಷ್ಟೋ ಮಂದಿ ಇರುವುದರಿಂದ ಈ ಅನುಮಾನ ಸಹಜ. ಆದರೆ ಇದು ಹಾಗಲ್ಲ. ವಾಕರ್ ಅವರ ಏಜೆಂಟರು ಶುಲ್ಕ ಕೊಟ್ಟು ಒಂದು ಕಸುಬನ್ನು ಕಲಿಯುತ್ತಿದ್ದರು. ಗಿರಾಕಿಯ ತಲೆ ತೊಳೆದು, ನೆತ್ತಿ ತಿಕ್ಕಿ, ಮುಲಾಮು ಹಚ್ಚಿ, ಡಬ್ಬಿ ಮಾರಿ ಸಂಪಾದಿಸುತ್ತಿದ್ದರು. ಕಪ್ಪು ಹೆಂಗಸಿಗೆ ಬಿಳಿಯರ ಅಡುಗೆಮನೆ, ಒಗೆಯುವ ಬಟ್ಟೆ, ಹತ್ತಿ ಹೊಲ ಬಿಟ್ಟರೆ ಬೇರೆ ದುಡಿಮೆ ಸಿಗುವುದೇ ಕಷ್ಟವಾಗಿದ್ದ ದಿನಗಳಲ್ಲಿ ಸ್ವಂತ ಕೈಯ ಕಸುಬು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಹಣ ಬಂದಮೇಲೆ ದಾನಿಯಾದರು ಎಂಬುದು ಕೇಳಲು ಸೊಗಸಾದ ಮಾತು. ಇದನ್ನೇ ಎಲ್ಲಕ್ಕಿಂತ ಮೊದಲು ತಿದ್ದಬೇಕು, ಏಕೆಂದರೆ ಅವರ ಬದುಕಿನ ಕ್ರಮವೇ ಇಲ್ಲಿ ತಲೆಕೆಳಗಾಗುತ್ತದೆ. ಲೂಸಿಯಾನಾದ ಡೆಲ್ಟಾದಲ್ಲಿ 1867ರ ಡಿಸೆಂಬರ್ 23ರಂದು ಹುಟ್ಟಿದ ವಾಕರ್, ಅಂದಿನ ಹೆಸರಿನಲ್ಲಿ ಸಾರಾ ಬ್ರೀಡ್‌ಲವ್, ಗುಲಾಮರಾಗಿದ್ದ ತಂದೆತಾಯಿಗೆ ಸ್ವತಂತ್ರವಾಗಿ ಹುಟ್ಟಿದ ಮೊದಲ ಮಗು. ಏಳಕ್ಕೆ ಅನಾಥೆ, ಹದಿನಾಲ್ಕಕ್ಕೆ ಮದುವೆ, ಇಪ್ಪತ್ತಕ್ಕೆ ಕೈಯಲ್ಲಿ ಹೆಣ್ಣುಮಗುವಿಟ್ಟುಕೊಂಡ ವಿಧವೆ. ಸೇಂಟ್ ಲೂಯಿಸ್‌ನಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದಾಗ ಆಸರೆಯಾದವರು ಸೇಂಟ್ ಪಾಲ್ ಚರ್ಚಿನ ಹೆಂಗಸರು. ಮುಂದೆ ಮಲೋನ್ ನೋಡಿಕೊಂಡ ಆ ಅನಾಥಾಲಯದಲ್ಲೇ ಮಗಳು ಲೀಲಿಯಾ ಕೆಲಕಾಲ ಬೆಳೆದಳು. ಕಷ್ಟದಲ್ಲಿರುವವರಿಗೆ ಚಂದಾ ಎತ್ತುವುದು, ತನಗಿಲ್ಲದಿದ್ದರೂ ಒಂದಿಷ್ಟು ಕೊಡುವುದು ಆ ಚರ್ಚಿನ ಹೆಂಗಸರ ರೂಢಿ. ಬಟ್ಟೆ ಒಗೆಯುವ ದಿನಗಳಲ್ಲೇ ಸಾರಾ ಅದನ್ನು ಕಲಿತರು. ಅವರ ದಾನ ಅಲ್ಲಿಂದ ಶುರುವಾಗುತ್ತದೆ, ಕಾರ್ಖಾನೆಯಿಂದಲ್ಲ.

ಹಾಗಾಗಿಯೇ ವ್ಯಾಪಾರವೂ ದಾನವೂ ಅವರಲ್ಲಿ ಬೇರೆ ಬೇರೆ ಆಗಲಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ನೆಲೆಯೂರಿದ ಸ್ವಲ್ಪದರಲ್ಲೇ, 1911ರಲ್ಲಿ, ಅಲ್ಲಿನ ಕಪ್ಪು ಜನರ ವೈಎಂಸಿಎ ಕಟ್ಟಡಕ್ಕೆ 1,000 ಡಾಲರ್ ಕೊಟ್ಟರು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ತಮ್ಮ ಏಜೆಂಟರ ಸಮಾವೇಶ ನಡೆಸಿದಾಗ ಬಹುಮಾನ ಸಿಕ್ಕಿದ್ದು ಹೆಚ್ಚು ಮಾರಿದವರಿಗೆ ಮಾತ್ರವಲ್ಲ, ತಮ್ಮ ಊರಿನ ಒಳಿತಿಗೆ ಹೆಚ್ಚು ಕೊಟ್ಟವರಿಗೂ. ಅದೇ ವರ್ಷದ ಜುಲೈನಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಜನರ ಮಾರಣಹೋಮ ನಡೆದಿತ್ತು. ಅದನ್ನು ಖಂಡಿಸಿ ನ್ಯೂಯಾರ್ಕಿನಲ್ಲಿ ನಡೆದ ಮೌನ ಮೆರವಣಿಗೆಯ ಬಳಿಕ ಶ್ವೇತಭವನಕ್ಕೆ ಹೋದ ನಿಯೋಗದಲ್ಲಿ ವಾಕರ್ ಇದ್ದರು. ಅಧ್ಯಕ್ಷ ವಿಲ್ಸನ್ ಭೇಟಿಗೆ ಸಿಗಲಿಲ್ಲ. ಫಿಲಡೆಲ್ಫಿಯಾದಲ್ಲಿ ಸೇರಿದ್ದ ಹೆಂಗಸರು ಗುಂಪುಹತ್ಯೆಯ ವಿರುದ್ಧ ಕಾನೂನು ಬೇಕೆಂದು ಅದೇ ವಿಲ್ಸನ್‌ಗೆ ತಂತಿ ಕಳಿಸಿದರು. ಮುಲಾಮು ಮಾರುವವರ ಸಭೆಯೊಂದು ದೇಶದ ಅಧ್ಯಕ್ಷರಿಗೆ ಹೀಗೆ ಒತ್ತಾಯಿಸಿತು! ಇದನ್ನು ಬಿಟ್ಟು ಬರೀ ಬಂಗಲೆ, ಕಾರುಗಳ ಕಥೆ ಹೇಳುವುದು ವಾಕರ್ ಅವರನ್ನು ಅರ್ಧಕ್ಕೆ ಇಳಿಸಿದಂತೆ.

ಇನ್ನು ಮಿಲಿಯಾಧೀಶೆ ಎಂಬ ಬಿರುದು. ತಾವಿನ್ನೂ ಮಿಲಿಯನ್ ಡಾಲರ್ ಮುಟ್ಟಿಲ್ಲ ಎಂದು ಅವರೇ ಹೇಳಿದ್ದರು. 1919ರ ಮೇ 25ರಂದು 51ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಆಸ್ತಿಯ ಬೆಲೆ ಸುಮಾರು 6 ಲಕ್ಷ ಡಾಲರ್ ಎಂದು ಅಂದಾಜಾಯಿತು. ಕಂಪನಿಯ ಮೌಲ್ಯವನ್ನು ಹೇಗೆ ಲೆಕ್ಕ ಹಾಕಬೇಕು ಎಂಬ ಚರ್ಚೆ ಇದೆ. ಅಂದು ಅಷ್ಟು ಸಂಪಾದಿಸಿದ ಹೆಂಗಸರು ಬೆರಳೆಣಿಕೆಯವರು ಎಂಬುದರಲ್ಲಿ ಚರ್ಚೆ ಇಲ್ಲ. ಸಾಯುವ ಮುನ್ನ ಗುಂಪುಹತ್ಯೆ ವಿರೋಧಿ ನಿಧಿಗೆ 5,000 ಡಾಲರ್ ವಾಗ್ದಾನ ಮಾಡಿದ್ದ ಅವರು, ಕಂಪನಿಯ ಮುಂದಿನ ನಿವ್ವಳ ಲಾಭದ ಮೂರರಲ್ಲಿ ಎರಡು ಪಾಲನ್ನು ಧರ್ಮಕಾರ್ಯಗಳಿಗೆ ಮೀಸಲಿಡಬೇಕೆಂದು ಉಯಿಲಿನಲ್ಲಿ ಬರೆಸಿದ್ದರು.